ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ: ಬಡ ರೋಗಿಗಳ ಸಮನ್ವಿತ ಆರೈಕೆ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ರಾಯಚೂರು, ಕೊಪ್ಪಳ ಮತ್ತು ಬಳ್ಳಾರಿ ಜಿಲ್ಲೆಗಳಲ್ಲಿ ಆಶಾ ತರಬೇತಿಗಳು ನಡೆದಾಗ, ವಾರ್ಡುಗಳ ಹೊರಗೆ ಮಾತಿಗೆ ಕುಳಿತಾಗ ಮತ್ತು ಪತ್ರಗಳ ಮೂಲಕ ಮರಳಿ ಮರಳಿ ಬರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಲಾಗಿದೆ. ಪ್ರಶ್ನೆಗಳನ್ನು ಆದಷ್ಟು ಕೇಳಿದವರ ಮಾತಿನಲ್ಲೇ ಉಳಿಸಿಕೊಂಡಿದ್ದೇವೆ. ಮೊದಲ ಭಾಗ ರೋಗಿಯ ಮನೆಯವರಿಗೆ, ಎರಡನೆಯದು ಊರಿನಲ್ಲಿ ಕೆಲಸ ಮಾಡುವವರಿಗೆ, ಮೂರನೆಯದು ಯೋಜನೆ ರೂಪಿಸುವವರಿಗೆ. ಇಲ್ಲಿ ಓದಿದ್ದನ್ನು ನೆಚ್ಚಿ ಯಾರೂ ವೈದ್ಯರನ್ನು ಕೇಳದೆ ಮಾತ್ರೆ ಬದಲಿಸಬಾರದು, ನಿಲ್ಲಿಸಲೂಬಾರದು.

## ಮೊದಲ ಭಾಗ: ಮನೆಯವರ ಪ್ರಶ್ನೆಗಳು

ಸಮನ್ವಿತ ಆರೈಕೆ ಅಂದ್ರ ಏನ್ರಿ? ಹೊಸ ಯೋಜನೆ ಬಂದೈತೇನು, ಅರ್ಜಿ ಹಾಕಬೇಕಾ?

ಅರ್ಜಿ, ಕಾರ್ಡು ಯಾವುದೂ ಬೇಕಿಲ್ಲ, ಏಕೆಂದರೆ ಇದು ಕೆಲಸ ಮಾಡುವ ಒಂದು ಕ್ರಮದ ಹೆಸರು. ಒಬ್ಬ ರೋಗಿಯನ್ನು ಜಿಲ್ಲಾಸ್ಪತ್ರೆಯ ವೈದ್ಯರು, ತಾಲ್ಲೂಕು ಆಸ್ಪತ್ರೆಯವರು, ಪ್ರಾಥಮಿಕ ಆರೋಗ್ಯ ಕೇಂದ್ರದವರು (ಪಿಎಚ್‌ಸಿ), ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿ, ಆಶಾ ಕಾರ್ಯಕರ್ತೆ ಹೀಗೆ ಹಲವರು ನೋಡುತ್ತಾರೆ. ಇವರೆಲ್ಲರೂ ಒಂದೇ ಚಿಕಿತ್ಸಾ ಕ್ರಮವನ್ನು ಅನುಸರಿಸಬೇಕು, ಒಬ್ಬರು ಬರೆದದ್ದು ಇನ್ನೊಬ್ಬರಿಗೆ ತಲುಪಬೇಕು, ಮತ್ತು ಇದು ನಡೆಯುತ್ತಿದೆಯೇ ಎಂದು ನೋಡುವ ಹೊಣೆಯನ್ನು ಹೆಸರು ಹಿಡಿದು ಒಬ್ಬರಿಗೆ ವಹಿಸಿರಬೇಕು. ನಮ್ಮ ದೃಷ್ಟಿಯಲ್ಲಿ ಈ ಮೂರರಲ್ಲಿ ಕೊನೆಯದೇ ಮುಖ್ಯ. ಹಾಸಿಗೆಯ ಮೇಲಿರುವವರೆಗೆ ರೋಗಿ ಇಂಥ ವಾರ್ಡಿಗೆ, ಇಂಥ ಯುನಿಟ್ಟಿಗೆ ಸೇರಿದವರು ಎಂಬುದು ಎಲ್ಲರಿಗೂ ಗೊತ್ತಿರುತ್ತದೆ. ಗೇಟು ದಾಟಿ ಟಂಟಂ ಹತ್ತಿದ ಮೇಲೆ ಅವರ ಹೊಣೆ ಯಾರದು ಎಂದು ಕೇಳಿದರೆ ಬಹಳಷ್ಟು ಊರುಗಳಲ್ಲಿ ಉತ್ತರ ಸಿಗುವುದಿಲ್ಲ.

ನಮ್ಮವ್ವ ಒಂದ ವರ್ಷದಾಗ ಮೂರು ಸಲ ಅಡ್ಮಿಟ್ ಆದಳು. ಪ್ರತಿ ಸಲ ಅದೇ ದಮ್ಮು. ದವಾಖಾನ್ಯಾಗ ಆರಾಮ ಆಗ್ತಾಳ, ಮನೀಗೆ ಬಂದ್ರ ಮತ್ತ ಅದೇ. ಯಾಕ್ರಿ?

ದಮ್ಮು ಎಂದು ನಾವು ಕರೆಯುವುದರಲ್ಲಿ ಬೇರೆ ಬೇರೆ ಕಾಯಿಲೆಗಳು ಸೇರಿವೆ. ಅಸ್ತಮಾ ಇರಬಹುದು, ವರ್ಷಗಟ್ಟಲೆ ಸೌದೆ ಒಲೆಯ ಹೊಗೆ ಕುಡಿದು ಶ್ವಾಸನಾಳಗಳು ಕಿರಿದಾಗಿರಬಹುದು, ಹೃದಯ ದುರ್ಬಲವಾಗಿ ಪುಪ್ಪುಸದಲ್ಲಿ ನೀರು ನಿಂತಿರಬಹುದು. ಬೀಡಿಯನ್ನು ಮುಟ್ಟದ ಹೆಂಗಸರಿಗೂ ಎರಡನೆಯ ಬಗೆಯ ಕಾಯಿಲೆ ಬರುತ್ತದೆ. ಆದ್ದರಿಂದ ಅವ್ವನಿಗೆ ಇವುಗಳಲ್ಲಿ ಯಾವುದು ಎಂಬುದನ್ನು ಮೊದಲು ವೈದ್ಯರಿಂದ ತಿಳಿದುಕೊಳ್ಳಬೇಕು.

ಆಸ್ಪತ್ರೆಯಲ್ಲಿ ಆಮ್ಲಜನಕ, ನೆಬುಲೈಸರ್, ನೀರು ಇಳಿಸುವ ಚುಚ್ಚುಮದ್ದು ಎಲ್ಲವೂ ಹೊತ್ತಿಗೆ ಸರಿಯಾಗಿ ಸಿಗುತ್ತವೆ, ಒಲೆಯ ಹೊಗೆ ಇರುವುದಿಲ್ಲ, ಹೊಲದ ಕೆಲಸ ಇರುವುದಿಲ್ಲ. ಮನೆಗೆ ಬಂದ ಕೂಡಲೇ ಇದೆಲ್ಲ ತಿರುವುಮುರುವಾಗುತ್ತದೆ. ಕೊಟ್ಟ ಮಾತ್ರೆ ವಾರದೊಳಗೆ ಮುಗಿಯುತ್ತದೆ. ಉಸಿರಿನ ಜೊತೆ ಔಷಧ ಎಳೆದುಕೊಳ್ಳುವ ಪಂಪನ್ನು (ಇನ್‌ಹೇಲರ್) ಬಾಯಿಗಿಟ್ಟು ಒತ್ತುವುದನ್ನು ತೋರಿಸಿರುತ್ತಾರೆ, ಆದರೆ ಒತ್ತುವ ಹೊತ್ತಿಗೇ ಉಸಿರನ್ನು ನಿಧಾನವಾಗಿ ಒಳಗೆಳೆದು ಹತ್ತು ಎಣಿಸುವಷ್ಟು ಹೊತ್ತು ಹಿಡಿಯಬೇಕೆಂಬುದನ್ನು ರೋಗಿಯ ಕೈಯಲ್ಲೇ ಮಾಡಿಸಿ ನೋಡಿರುವುದಿಲ್ಲ. ಹೀಗಾಗಿ ಔಷಧ ಗಂಟಲಲ್ಲೇ ಉಳಿಯುತ್ತದೆ. ಸ್ವಲ್ಪ ಆರಾಮ ಅನಿಸಿದೊಡನೆ ಪಂಪು ಗೂಡು ಸೇರುತ್ತದೆ. ಮೂರು ಸಲ ಅಡ್ಮಿಟ್ ಆದದ್ದಕ್ಕೆ ಅವ್ವನನ್ನೋ ವಾರ್ಡಿನ ವೈದ್ಯರನ್ನೋ ದೂರುವ ಮೊದಲು, ಈ ನಡುವಿನ ಜಾಗದಲ್ಲಿ ಯಾರೂ ಇರಲಿಲ್ಲ ಎಂಬುದನ್ನು ಗಮನಿಸಬೇಕು.

ಖರೆ ಹೇಳ್ರಿ, ಬಡವರು ಕುಡಿತಾರ, ಹೇಳಿದ ಮಾತ ಕೇಳಂಗಿಲ್ಲ, ಅದಕ್ಕ ಮತ್ತ ಮತ್ತ ಅಡ್ಮಿಟ್ ಆಗ್ತಾರ. ಹೌದಲ್ಲೋ?

ಕುಡಿತದಿಂದ ಹಾಳಾದ ಲಿವರುಗಳು ವಾರ್ಡುಗಳಲ್ಲಿ ಇರುವುದು ನಿಜ. ಆದರೆ ಎಲ್ಲವನ್ನೂ ಆ ಲೆಕ್ಕಕ್ಕೆ ಬರೆದರೆ ಬೇರೆ ಲೆಕ್ಕಗಳು ಮುಚ್ಚಿಹೋಗುತ್ತವೆ. ದೇವದುರ್ಗ ತಾಲ್ಲೂಕಿನ ಒಂದು ಹಳ್ಳಿಯಿಂದ ರಾಯಚೂರಿನ ಓಪಿಡಿಗೆ ಬರುವ ಮುದುಕರ ಜೊತೆಗೆ ಒಬ್ಬರು ಬರಲೇಬೇಕು. ಉದ್ಯೋಗ ಖಾತ್ರಿಯ ದಿನಗೂಲಿ 2025-26ರಲ್ಲಿ ನಮ್ಮ ರಾಜ್ಯದಲ್ಲಿ 370 ರೂಪಾಯಿ ಇತ್ತು. ಜೊತೆಗೆ ಬಂದವರ ಆ ದಿನದ ಕೂಲಿ, ಇಬ್ಬರ ಬಸ್ ಖರ್ಚು, ಮಧ್ಯಾಹ್ನದ ಊಟ ಎಲ್ಲ ಕೂಡಿದರೆ ಉಚಿತ ಮಾತ್ರೆ ಉಚಿತವಾಗಿ ಉಳಿಯುವುದಿಲ್ಲ. ಅಲ್ಲಿಗೆ ಹೋದಾಗ ಮಾತ್ರೆ ಖಾಲಿ, ಮುಂದಿನ ವಾರ ಬನ್ನಿ ಎಂದರೆ ಮುಂದಿನ ವಾರ ಯಾರೂ ಹೋಗುವುದಿಲ್ಲ. ಇದನ್ನು ಅಸಡ್ಡೆ ಎನ್ನುವುದು ಸುಲಭ. ಕೂಲಿಯವರ ಜಾಗದಲ್ಲಿ ನಿಂತು ಕೂಡಿ ಕಳೆದರೆ ಅದು ಸರಿಯಾದ ಲೆಕ್ಕವೇ ಆಗಿರುತ್ತದೆ.

ಡಿಸ್ಚಾರ್ಜ್ ದಿನ ಎಲ್ಲಾರೂ ಗಡಿಬಿಡಿ ಮಾಡ್ತಾರ. ನಾವು ಏನೇನ ಕೇಳಿ ಬರಬೇಕು?

ಕಾಯಿಲೆಯ ಹೆಸರನ್ನು ಕನ್ನಡದಲ್ಲಿ ಹೇಳಿಸಿಕೊಳ್ಳಿ. ಮೊದಲಿನಿಂದ ನುಂಗುತ್ತಿದ್ದ ಮಾತ್ರೆಗಳಲ್ಲಿ ಯಾವುದನ್ನು ಮುಂದುವರಿಸಬೇಕು, ಯಾವುದನ್ನು ಬಿಡಬೇಕು ಎಂದು ಮನೆಯ ಮಾತ್ರೆಗಳನ್ನೇ ಮುಂದಿಟ್ಟು ಕೇಳಿ, ಏಕೆಂದರೆ ಡಿಸ್ಚಾರ್ಜ್ ಚೀಟಿಯಲ್ಲಿ ಹೊಸ ಮಾತ್ರೆಗಳಿರುತ್ತವೆ, ಬಿಡಬೇಕಾದವುಗಳ ಹೆಸರು ಸಾಮಾನ್ಯವಾಗಿ ಇರುವುದಿಲ್ಲ. ಚೀಟಿಯಲ್ಲಿ 1-0-1 ಎಂದಿದ್ದರೆ ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು ಎಂದರ್ಥ. ಯಾವ ಲಕ್ಷಣ ಕಂಡರೆ ಕಾಯದೆ ಬರಬೇಕು, ಮತ್ತೆ ತೋರಿಸಲು ಯಾವ ದಿನ ಯಾವ ಕೊಠಡಿಗೆ ಬರಬೇಕು, ನಡುವೆ ಅನುಮಾನ ಬಂದರೆ ಯಾರಿಗೆ ಫೋನ್ ಮಾಡಬೇಕು ಎಂಬುದನ್ನು ಚೀಟಿಯ ಹಿಂಬದಿಯಲ್ಲಿ ಬರೆಸಿಕೊಳ್ಳಿ. ಆಯುಷ್ಮಾನ್ ಯೋಜನೆಯಡಿ ದಾಖಲಾಗಿದ್ದರೆ ಬಿಡುಗಡೆಯ ನಂತರದ 15 ದಿನಗಳವರೆಗಿನ ಔಷಧ ಮತ್ತು ತಪಾಸಣೆ ಚಿಕಿತ್ಸಾ ಪ್ಯಾಕೇಜಿನಲ್ಲೇ ಸೇರಿರುತ್ತವೆ. ಕೇಳದಿದ್ದರೆ ಕೊಡುವವರು ಕಡಿಮೆ, ಆದ್ದರಿಂದ ಕೇಳಿ.

ಐದು ಲಕ್ಷದ ಕಾರ್ಡ್ ಐತಲ್ಲ, ಇದೆಲ್ಲ ಯಾಕ ಬೇಕು?

ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30ರಷ್ಟು, ವರ್ಷಕ್ಕೆ ಗರಿಷ್ಠ ಒಂದೂವರೆ ಲಕ್ಷದವರೆಗೆ. ಇದು ಮುಖ್ಯವಾಗಿ ಹಾಸಿಗೆ ಹಿಡಿದ ಮೇಲಿನ ಖರ್ಚಿಗೆ ಆಧಾರ. ಬಿಪಿ ಮಾತ್ರೆಯನ್ನು ತಿಂಗಳು ತಿಂಗಳು ನುಂಗಿಸಿ ಲಕ್ವ ಹೊಡೆಯದಂತೆ ನೋಡಿಕೊಳ್ಳುವ ಕೆಲಸವನ್ನು ಕಾರ್ಡು ಮಾಡುವುದಿಲ್ಲ.

## ಎರಡನೆಯ ಭಾಗ: ಊರಿನಲ್ಲಿ ಕೆಲಸ ಮಾಡುವವರ ಪ್ರಶ್ನೆಗಳು

ನಾನು ಆಶಾ. ಗರ್ಭಿಣಿ, ಬಾಣಂತಿ, ಸರ್ವೇ, ಆ್ಯಪ್, ಎಲ್ಲಾ ನಮ್ಮ ತಲಿ ಮ್ಯಾಲೇ. ಇದೂ ನಮಗ ಹಚ್ಚತೀರೇನು?

ಹಚ್ಚಬಾರದು ಎಂಬುದೇ ನಮ್ಮ ಅಭಿಪ್ರಾಯ. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಆರಂಭವಾದಾಗ ಸಾವಿರ ಜನಕ್ಕೆ ಒಬ್ಬ ಆಶಾ ಎಂದು ನಿಗದಿಯಾಯಿತು, ಮತ್ತು ಕೆಲಸದ ಕೇಂದ್ರದಲ್ಲಿ ತಾಯಿ-ಮಗು ಇದ್ದರು. ಅಂದಿನಿಂದ ಕೆಲಸಗಳು ಒಂದರ ಮೇಲೊಂದು ಸೇರಿವೆ, ಕೈಗೆ ಸಿಗುವ ಹಣ ಮಾತ್ರ ನಿಶ್ಚಿತವಾಗಿರಲಿಲ್ಲ. 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನ ಚಳಿಯಲ್ಲಿ ರಾಜ್ಯದ ಆಶಾ ಕಾರ್ಯಕರ್ತೆಯರು ಕುಳಿತದ್ದೇ ನಿಶ್ಚಿತ ಗೌರವಧನಕ್ಕಾಗಿ. ಡಿಸ್ಚಾರ್ಜ್ ಆದವರ ಹೊಣೆಯನ್ನು ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿಯ ಮೇಲೆ ಇಡುವುದು ಸರಿ. ಅವರಿಗೆ ಔಷಧ ಕೊಡುವ ಅಧಿಕಾರವಿದೆ, ಇ-ಸಂಜೀವಿನಿಯಲ್ಲಿ ವೈದ್ಯರ ಜೊತೆ ಮಾತನಾಡಿಸುವ ಸೌಲಭ್ಯವಿದೆ, ತಿಂಗಳ ಸಂಬಳವಿದೆ. ಯಾರು ಊರಿಗೆ ಮರಳಿದರು, ಯಾರ ಮನೆಯಲ್ಲಿ ಒಲೆ ಹೊತ್ತಿಲ್ಲ ಎಂಬ ಸುದ್ದಿ ಆಶಾ ಕಾರ್ಯಕರ್ತೆಗೆ ಮೊದಲು ತಿಳಿಯುತ್ತದೆ, ಆದ್ದರಿಂದ ಅವರ ಪಾಲು ದೊಡ್ಡದೇ. ಆ ಪಾಲಿಗೆ ಪ್ರತಿ ಭೇಟಿಯ ಲೆಕ್ಕದಲ್ಲಿ ಹಣ ಕೊಡದೆ ಹೊಸ ಮಾದರಿ ಎಂದು ಘೋಷಿಸಿದರೆ ಮೂರನೆಯ ತಿಂಗಳಿಗೆ ರಿಜಿಸ್ಟರಿನಲ್ಲಿ ಮಾತ್ರ ಭೇಟಿಗಳು ನಡೆಯುತ್ತವೆ.

ಮೊದಲ ಮನೆ ಭೇಟಿಯಲ್ಲಿ ಬಿಪಿ, ಶುಗರ್ ನೋಡಿ ಬರೆದುಕೊಂಡು ಬಂದರೆ ಸಾಕಲ್ಲವೇ?

ಸಾಲದು. ಡಿಸ್ಚಾರ್ಜ್ ಆದ ಮೂರು ದಿನಗಳೊಳಗೆ ನಡೆಯುವ ಈ ಭೇಟಿಯಲ್ಲಿ ಬಿಪಿ ಯಂತ್ರವನ್ನು ಹೊರತೆಗೆಯುವ ಮೊದಲು ಮಾತ್ರೆ ಚೀಲವನ್ನು ಕೇಳಿ. ಹೆಚ್ಚಿನ ಮನೆಗಳಲ್ಲಿ ಅದು ಗೂಟಕ್ಕೆ ನೇತುಹಾಕಿದ ಪ್ಲಾಸ್ಟಿಕ್ ಚೀಲ. ಅದನ್ನು ಚಾಪೆಯ ಮೇಲೆ ಪೂರ್ತಿ ಸುರುವಿಸಿ. ಕತ್ತರಿಸಿದ ಪಟ್ಟಿಗಳು, ಹೆಸರು ಹರಿದುಹೋದ ಪಟ್ಟಿಗಳು, ಎರಡು ವರ್ಷದ ಹಿಂದಿನ ಚೀಟಿ, ಮಗನ ಜ್ವರದ ಮಾತ್ರೆ ಎಲ್ಲ ಬೀಳುತ್ತವೆ. ಈಗ ಒಂದೊಂದನ್ನೇ ಎತ್ತಿ, ಇದನ್ನು ಯಾವಾಗ ನುಂಗುತ್ತೀರಿ ಎಂದು ಕೇಳಿ. ಚೀಟಿಯನ್ನು ಓದಿ ಹೌದಲ್ಲವೇ ಎಂದು ಕೇಳಿದರೆ ಎಲ್ಲರೂ ಹೌದು ಎನ್ನುತ್ತಾರೆ.

ಈ ಚಾಪೆಯ ಮೇಲೆ ಸಿಗುವ ತಪ್ಪುಗಳಲ್ಲಿ ಮೂರು ಬಹಳ ಅಪಾಯದವು. ಮೊದಲನೆಯದು, ಒಂದೇ ಔಷಧ ಎರಡು ಕಂಪನಿಗಳ ಹೆಸರಿನಲ್ಲಿರುವುದು. ಸಕ್ಕರೆ ಕಾಯಿಲೆಗೆ ಸರ್ಕಾರಿ ಆಸ್ಪತ್ರೆಯಲ್ಲಿ ಕೊಟ್ಟ ಗ್ಲಿಮೆಪಿರೈಡ್ ಒಂದು ಪಟ್ಟಿಯಲ್ಲಿ, ಖಾಸಗಿ ವೈದ್ಯರು ಬರೆದ ಗ್ಲಿಮೆಪಿರೈಡ್-ಮೆಟ್‌ಫಾರ್ಮಿನ್ ಜೋಡಿ ಮಾತ್ರೆ ಇನ್ನೊಂದು ಪಟ್ಟಿಯಲ್ಲಿ ಇದ್ದು, ಎರಡನ್ನೂ ನುಂಗಿ ಊಟ ತಪ್ಪಿಸಿದ ರೋಗಿಗೆ ರಾತ್ರಿ ಸಕ್ಕರೆ ಅಂಶ ಇಳಿದು ಎಚ್ಚರ ತಪ್ಪುತ್ತದೆ. ಎರಡನೆಯದು ಮಂಡಿನೋವಿನ ಮಾತ್ರೆ. ಡೈಕ್ಲೋಫೆನಾಕ್, ಐಬುಪ್ರೊಫೇನ್‌ನಂಥ ನೋವಿನ ಮಾತ್ರೆಗಳು ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತವೆ, ದೇಹದಲ್ಲಿ ನೀರು ಮತ್ತು ಉಪ್ಪನ್ನು ಹಿಡಿದಿಡುತ್ತವೆ, ಬಿಪಿ ಏರಿಸುತ್ತವೆ. ಹೃದಯ ದುರ್ಬಲವಾದವರನ್ನು ಮತ್ತೆ ವಾರ್ಡಿಗೆ ಕಳುಹಿಸಲು ಕೆಲವು ದಿನಗಳ ನೋವಿನ ಮಾತ್ರೆ ಸಾಕು. ಕಿರಾಣಿ ಅಂಗಡಿಯಲ್ಲೂ ಸಿಗುವ ಇವುಗಳನ್ನು ಯಾರೂ ಔಷಧವೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ, ಆದ್ದರಿಂದ ಹೆಸರು ಹೇಳಿಯೇ ಕೇಳಬೇಕು. ಮೂರನೆಯದು, ಆಸ್ಪತ್ರೆಯಲ್ಲಿ ನಿಲ್ಲಿಸಿದ ಹಳೆಯ ಮಾತ್ರೆ ಚೀಲದಲ್ಲಿ ಉಳಿದು ಮುಂದುವರಿಯುವುದು.

ಆಮೇಲೆ ಅಡುಗೆ. ದಿನಕ್ಕೆ ಒಬ್ಬರಿಗೆ 5 ಗ್ರಾಂಗಿಂತ ಕಡಿಮೆ ಉಪ್ಪು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ರೊಟ್ಟಿಯ ಜೊತೆ ಕೆಂಪು ಮೆಣಸಿನಕಾಯಿ ಚಟ್ನಿ, ಉಪ್ಪಿನಕಾಯಿ ಇರುವ ನಮ್ಮ ಕಡೆಯ ತಾಟಿನಲ್ಲಿ ಅದು ಒಂದೇ ಊಟಕ್ಕೆ ದಾಟಬಹುದು. ಉಪ್ಪು ಬಿಡಿ ಎಂದು ಹೇಳುವುದರಿಂದ ಏನೂ ಆಗುವುದಿಲ್ಲ. ಪಲ್ಯಕ್ಕೆ ಹಾಕುವುದನ್ನು ಹಾಕಿ, ರೋಗಿಯ ತಾಟಿನಿಂದ ಉಪ್ಪಿನಕಾಯಿ ತೆಗೆಯಿರಿ, ಶೇಂಗಾ ಚಟ್ನಿಯನ್ನು ಅವರ ಪಾಲಿಗೆ ಬೇರೆ ಕುಟ್ಟಿರಿ ಎಂದು ಅಡುಗೆ ಮಾಡುವವರಿಗೆ ಹೇಳಿದರೆ ಕೆಲವರಾದರೂ ಮಾಡುತ್ತಾರೆ.

ಹೃದಯದ ಕಾಯಿಲೆಯವರಿಗೆ ಮೂರು ದಿನಗಳಲ್ಲಿ ಎರಡು ಕಿಲೋದಷ್ಟು ತೂಕ ಏರಿದರೆ ಅದು ಮೈಯಲ್ಲಿ ನೀರು ನಿಲ್ಲುತ್ತಿರುವ ಗುರುತು. ತೂಕದ ಯಂತ್ರ ಇಲ್ಲದ ಮನೆಯಲ್ಲಿ ಬೇರೆ ಗುರುತುಗಳಿವೆ. ಕಾಲುಂಗುರ, ಕಾಲಗಡಗ ಬಿಗಿಯಾಗುವುದು, ಮಲಗುವಾಗ ಒಂದು ದಿಂಬು ಸಾಲದೆ ಎರಡು ಬೇಕಾಗುವುದು, ರಾತ್ರಿ ಎದ್ದು ಕುಳಿತು ಉಸಿರಾಡುವುದು. ಸಕ್ಕರೆ ಕಾಯಿಲೆಯವರ ಚಪ್ಪಲಿ ತೆಗೆಸಿ ಪಾದದ ಅಡಿಯನ್ನು ಮತ್ತು ಬೆರಳ ಸಂದಿಗಳನ್ನು ನೋಡದೆ ಎದ್ದು ಬರಬಾರದು. ಗದ್ದೆಯ ಕೆಸರಿನಲ್ಲಿ ನಿಂತು ನಾಟಿ ಮಾಡುವ ಸಿಂಧನೂರು, ಗಂಗಾವತಿ, ಸಿರುಗುಪ್ಪ ಕಡೆಯವರಲ್ಲಿ ಸ್ಪರ್ಶಜ್ಞಾನ ಹೋದ ಪಾದಕ್ಕೆ ಆದ ಗಾಯ ಅವರಿಗೇ ಗೊತ್ತಿರುವುದಿಲ್ಲ.

ಗುಳೆ ಹೋದವರನ್ನು ಹೇಗೆ ಹಿಡಿಯುವುದು? ದೀಪಾವಳಿ ಆದ ಮೇಲೆ ಊರೇ ಖಾಲಿ.

ಹಿಡಿಯುವ ಮಾತು ಬಿಟ್ಟು, ಹೋಗುವ ಮೊದಲು ಸಜ್ಜುಗೊಳಿಸುವ ಮಾತನಾಡಬೇಕು. ಲಿಂಗಸುಗೂರು, ದೇವದುರ್ಗ, ಕುಷ್ಟಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬೆಂಗಳೂರಿಗೋ ಬೇರೆ ಊರಿಗೋ ಹೋಗುವವರು ಯಾವ ತಿಂಗಳು ಹೊರಡುತ್ತಾರೆ ಎಂಬುದು ಆಶಾ ಕಾರ್ಯಕರ್ತೆಗೆ ತಿಳಿದಿರುತ್ತದೆ. ಬಿಪಿ, ಸಕ್ಕರೆ, ಮೂರ್ಛೆ, ಕ್ಷಯ ಇರುವವರ ಪಟ್ಟಿಯನ್ನು ಆ ತಿಂಗಳಿಗೆ ಮೊದಲೇ ತೆಗೆದು, ಹೊರಡುವಾಗ ಸಾಧ್ಯವಾದಷ್ಟು ಹೆಚ್ಚು ದಿನದ ಮಾತ್ರೆ ಕೊಡುವ ಏರ್ಪಾಟು ಪಿಎಚ್‌ಸಿ ವೈದ್ಯಾಧಿಕಾರಿಯಿಂದ ಆಗಬೇಕು. ಮಾತ್ರೆಗಳ ರಾಸಾಯನಿಕ ಹೆಸರನ್ನು ಬರೆದ ಚೀಟಿಯನ್ನು ರೋಗಿಯ ಫೋನಿನಲ್ಲಿ ಫೋಟೊ ತೆಗೆದಿಟ್ಟರೆ ಹೋದ ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ ಅದೇ ಔಷಧ ಕೇಳಲು ಬರುತ್ತದೆ. ಕ್ಷಯ ರೋಗಿಗಳಿಗೆ ಇದು ಸುಲಭ: ಕ್ಷಯ ರೋಗಿಗಳ ಸರ್ಕಾರಿ ಆನ್‌ಲೈನ್ ದಾಖಲೆಯಾದ ನಿಕ್ಷಯ್ ವ್ಯವಸ್ಥೆಯಲ್ಲಿ ರೋಗಿಯನ್ನು ಒಂದು ಜಿಲ್ಲೆಯಿಂದ ಇನ್ನೊಂದಕ್ಕೆ ವರ್ಗಾಯಿಸಬಹುದು. ರೋಗಿಯ ದಾಖಲೆಗಳನ್ನು ಒಂದೆಡೆ ಜೋಡಿಸುವ 14 ಅಂಕಿಯ ಆಭಾ ಸಂಖ್ಯೆ ಬೇರೆ ಕಾಯಿಲೆಗಳಿಗೂ ಈ ಕೆಲಸ ಮಾಡಬೇಕೆಂಬುದು ಉದ್ದೇಶ. ಆದರೆ ಎರಡೂ ಕಡೆಯ ಆಸ್ಪತ್ರೆಗಳು ದಾಖಲೆಯನ್ನು ಅದಕ್ಕೆ ಜೋಡಿಸಿದ್ದರೆ ಮಾತ್ರ ಅದರಿಂದ ಉಪಯೋಗ, ಆದ್ದರಿಂದ ಸದ್ಯಕ್ಕೆ ಕಾಗದದ ಚೀಟಿಯನ್ನು ಬಿಡಬೇಡಿ. ರಾಯಚೂರಿನಿಂದ ಕರ್ನೂಲು, ಹೈದರಾಬಾದಿಗೆ ಹೋಗಿ ತೋರಿಸಿಕೊಂಡು ಬರುವವರ ವಿಷಯದಲ್ಲೂ ಇದೇ ಮಾತು.

ಇನ್ಸುಲಿನ್ ಕೊಟ್ಟಾರ, ಮನ್ಯಾಗ ಫ್ರಿಜ್ ಇಲ್ಲ. ರಾಯಚೂರ ಬ್ಯಾಸಗಿ ನಿಮಗ ಗೊತ್ತs ಐತಿ.

ತೆರೆಯದ ಬಾಟಲಿಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕು, ಆದ್ದರಿಂದ ಅದು ಉಪಕೇಂದ್ರದ ಅಥವಾ ಪಿಎಚ್‌ಸಿಯ ಫ್ರಿಜ್ಜಿನಲ್ಲೇ ಇರಲಿ. ರೋಗಿಯ ಕೈಗೆ ಒಂದು ಸಲಕ್ಕೆ ಒಂದೇ ಬಾಟಲಿ. ಬಳಕೆಯಲ್ಲಿರುವ ಬಾಟಲಿಗೆ ಮಡಕೆ ಸಾಕು. ದೊಡ್ಡ ಮಡಕೆಯಲ್ಲಿ ಮರಳು ತುಂಬಿ, ಅದರೊಳಗೆ ಚಿಕ್ಕ ಮಡಕೆ ಕೂರಿಸಿ, ಮರಳನ್ನು ದಿನಕ್ಕೆರಡು ಸಲ ನೆನೆಸಿ, ಬಾಟಲಿಯನ್ನು ನೀರು ತಾಗದಂತೆ ಮುಚ್ಚಿದ ಡಬ್ಬಿಯಲ್ಲಿಟ್ಟು ಚಿಕ್ಕ ಮಡಕೆಯಲ್ಲಿ ಇಡಬೇಕು. ನೆರಳು, ಗಾಳಿ ಇರುವ ಜಾಗ ಬೇಕು. ತೆರೆದ ದಿನಾಂಕವನ್ನು ಬಾಟಲಿಯ ಮೇಲೆ ಬರೆದು ನಾಲ್ಕು ವಾರಕ್ಕೆ ಬದಲಿಸಬೇಕು.

ಊರಿನ ಆರ್‌ಎಂಪಿ ಡಾಕ್ಟರನ್ನು ದೂರ ಇಟ್ಟೇ ಕೆಲಸ ಮಾಡಬೇಕೇ?

ವೈದ್ಯ ಪದವಿಯಿಲ್ಲದೆ ಊರಿನಲ್ಲಿ ಔಷಧ ಕೊಡುವ ಇವರ ಚಿಕಿತ್ಸೆಯನ್ನು ಕಾನೂನು ಒಪ್ಪುವುದಿಲ್ಲ, ನಾವೂ ಒಪ್ಪುವುದಿಲ್ಲ. ಆದರೂ ರಾತ್ರಿ ಹತ್ತಕ್ಕೆ ಉಸಿರು ಕಟ್ಟಿದರೆ ಜನ ಮೊದಲು ಬಡಿಯುವುದು ಅವರ ಬಾಗಿಲನ್ನೇ. ಈ ರೋಗಿಗೆ ಸ್ಟೆರಾಯ್ಡ್, ಗ್ಲೂಕೋಸ್ ಬಾಟಲಿ, ನೋವಿನ ಸೂಜಿ ಕೊಡಬೇಡಿ, 108ಕ್ಕೆ ಫೋನ್ ಮಾಡಿ ಎಂದು ರೋಗಿಯ ಹೆಸರನ್ನು ತಿಳಿಸಿ ಆರ್‌ಎಂಪಿಗೆ ಮುಂಚೆಯೇ ಹೇಳಿಟ್ಟರೆ ಹಾನಿಯಾದರೂ ತಪ್ಪುತ್ತದೆ.

ಎಲ್ಲ ಹೇಳಿ ನೋಡಿದ್ದೇವೆ. ರೋಗಿ ಮಾತ್ರೆಯೇ ಬೇಡ, ಸತ್ತರೆ ಸಾಯಲಿ ಅಂತಾರೆ.

ಇದನ್ನು ಹಠ ಎಂದು ಬರೆದುಕೊಳ್ಳಬಾರದು. ದೀರ್ಘ ಕಾಯಿಲೆಯವರಲ್ಲಿ ಖಿನ್ನತೆ ಸಾಮಾನ್ಯ, ಅದಕ್ಕೆ ಚಿಕಿತ್ಸೆಯೂ ಇದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡಕ್ಕೆ ತಿಳಿಸಿ. ಟೆಲಿಮನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತನಾಡಬಹುದು. ಜೀವ ತೆಗೆದುಕೊಳ್ಳುವ ಮಾತು ಬಂದಿದ್ದರೆ ಅಂದೇ ತಿಳಿಸಬೇಕು, ಮನೆಯಲ್ಲಿರುವ ಕ್ರಿಮಿನಾಶಕದ ಡಬ್ಬಿಗಳನ್ನು ಅಂದೇ ಬೇರೆಡೆಗೆ ಸಾಗಿಸಬೇಕು.

## ಮೂರನೆಯ ಭಾಗ: ಯೋಜನೆ ರೂಪಿಸುವವರ ಪ್ರಶ್ನೆಗಳು

ಅಮೆರಿಕದ ಕ್ಯಾಮ್ಡನ್ ಮಾದರಿಯನ್ನು ನಮ್ಮ ಜಿಲ್ಲೆಯಲ್ಲಿ ತರಬಹುದೇ?

ತರುವ ಮೊದಲು ಅದಕ್ಕೆ ಕೊನೆಗೆ ಏನಾಯಿತು ಎಂದು ತಿಳಿದುಕೊಳ್ಳುವುದು ಒಳ್ಳೆಯದು. ನ್ಯೂಜೆರ್ಸಿ ರಾಜ್ಯದ ಬಡ ನಗರ ಕ್ಯಾಮ್ಡನ್‌ನಲ್ಲಿ ಡಾ. ಜೆಫ್ರಿ ಬ್ರೆನ್ನರ್ 2002ರಲ್ಲಿ ಒಂದು ಒಕ್ಕೂಟ ಕಟ್ಟಿದರು. ಆಸ್ಪತ್ರೆಗಳ ಬಿಲ್ಲಿನ ದತ್ತಾಂಶ ನೋಡಿದಾಗ ಕೆಲವೇ ರೋಗಿಗಳು ಮತ್ತೆ ಮತ್ತೆ ದಾಖಲಾಗಿ ಖರ್ಚಿನ ದೊಡ್ಡ ಪಾಲಿಗೆ ಕಾರಣರಾಗಿದ್ದುದು ಕಂಡಿತು. ಅಂಥವರನ್ನು ಹುಡುಕಿ, ನರ್ಸ್, ಸಮಾಜ ಕಾರ್ಯಕರ್ತರು, ಸಮುದಾಯ ಆರೋಗ್ಯ ಕಾರ್ಯಕರ್ತರ ತಂಡ ಕೆಲವು ತಿಂಗಳು ಮನೆಗೆ ಹೋಗಿ, ಔಷಧ ಹೊಂದಿಸಿ, ವೈದ್ಯರ ಬಳಿಗೆ ಜೊತೆಯಲ್ಲಿ ಕರೆದೊಯ್ಯುತ್ತಿತ್ತು. ತಂಡ ಸೇರಿದವರ ದಾಖಲಾತಿ ಮೊದಲಿಗಿಂತ ಬಹಳ ಇಳಿಯಿತು, ಪತ್ರಿಕೆಗಳು ಹೊಗಳಿದವು, ಬೇರೆ ನಗರಗಳು ಅನುಸರಿಸಿದವು.

ಆಮೇಲೆ ಆ ಒಕ್ಕೂಟ ಅಪರೂಪದ ಪ್ರಾಮಾಣಿಕತೆಯ ಕೆಲಸವೊಂದನ್ನು ಮಾಡಿತು. ಆಮಿ ಫಿಂಕಲ್‌ಸ್ಟೈನ್ ಮತ್ತು ಸಂಗಡಿಗರಾದ ಅರ್ಥಶಾಸ್ತ್ರಜ್ಞರ ಜೊತೆ ಸೇರಿ, ಅರ್ಹರಾದ 800 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ತಂಡದ ಆರೈಕೆ, ಇನ್ನೊಂದಕ್ಕೆ ಎಂದಿನ ಆರೈಕೆ ಕೊಟ್ಟು ಹೋಲಿಸಲು ಒಪ್ಪಿತು. ಫಲಿತಾಂಶ 2020ರ ಜನವರಿಯಲ್ಲಿ ಪ್ರಕಟವಾಯಿತು. 180 ದಿನಗಳೊಳಗೆ ಮತ್ತೆ ದಾಖಲಾದವರು ತಂಡದ ಗುಂಪಿನಲ್ಲಿ ಶೇ 62.3, ಎಂದಿನ ಆರೈಕೆಯ ಗುಂಪಿನಲ್ಲಿ ಶೇ 61.7. ಅಂದರೆ ವ್ಯತ್ಯಾಸವೇ ಇಲ್ಲ. ಎರಡೂ ಗುಂಪುಗಳಲ್ಲಿ ದಾಖಲಾತಿ ಮೊದಲಿಗಿಂತ ಇಳಿದಿತ್ತು. ತುಂಗಭದ್ರೆಗೆ ಮಹಾಪೂರ ಬಂದ ದಿನ ಗಂಗೆಪೂಜೆ ಮಾಡಿದರೆ ಮುಂದಿನ ವಾರ ನೀರು ಇಳಿದೇ ಇಳಿಯುತ್ತದೆ. ಕಾಯಿಲೆ ಶಿಖರದಲ್ಲಿದ್ದಾಗ ಆರಿಸಿದ ರೋಗಿಗಳ ಲೆಕ್ಕವೂ ಹಾಗೆ ತಾನಾಗಿ ಇಳಿಯುತ್ತದೆ. ಸಂಖ್ಯಾಶಾಸ್ತ್ರದಲ್ಲಿ ಇದನ್ನು ಸರಾಸರಿಯತ್ತ ಮರಳುವಿಕೆ ಎನ್ನುತ್ತಾರೆ, ಮತ್ತು ನಮ್ಮ ಜಿಲ್ಲಾ ಮಟ್ಟದ ಯಶೋಗಾಥೆಗಳಲ್ಲಿ ಎಷ್ಟೋ ಇದರಿಂದಲೇ ಹುಟ್ಟಿರಬಹುದು ಎಂದು ನಮಗೆ ಅನುಮಾನ.

ಆ ಮಾದರಿ ಸೋತದ್ದು ಎಲ್ಲಿ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಒಂದು ಸಂಗತಿ ನಮ್ಮ ಪ್ರದೇಶಕ್ಕೆ ನೇರವಾಗಿ ಅನ್ವಯಿಸುತ್ತದೆ. ತಂಡದವರು ರೋಗಿಯನ್ನು ಸೇವೆಗಳಿಗೆ ಜೋಡಿಸುವ ಕೆಲಸ ಮಾಡುತ್ತಿದ್ದರು, ಆದರೆ ವಸತಿ, ವ್ಯಸನ ಚಿಕಿತ್ಸೆ, ಬೇಗ ಸಿಗುವ ವೈದ್ಯರಂಥ ಸೇವೆಗಳೇ ಆ ನಗರದಲ್ಲಿ ಸಾಕಷ್ಟು ಇರಲಿಲ್ಲ. ಮಾತ್ರೆಯೇ ಇಲ್ಲದ ಉಪಕೇಂದ್ರಕ್ಕೆ ರೋಗಿಯನ್ನು ಎಷ್ಟು ಚೆನ್ನಾಗಿ ಜೋಡಿಸಿದರೂ ಅವರು ಮಾತ್ರೆಯಿಲ್ಲದೆಯೇ ಮರಳುತ್ತಾರೆ.

ಹಾಗಾದರೆ ಎಲ್ಲಿಯೂ ಫಲ ಸಿಕ್ಕಿಲ್ಲವೇ?

ಸಿಕ್ಕಿದೆ. ಕೊಲೊರಾಡೊದಲ್ಲಿ ಎರಿಕ್ ಕೋಲ್ಮನ್ ರೂಪಿಸಿದ ಕ್ರಮದಲ್ಲಿ ಒಬ್ಬ ತರಬೇತುದಾರರು ನಾಲ್ಕು ವಾರ ಮಾತ್ರ ರೋಗಿಯ ಬೆನ್ನಿಗಿರುತ್ತಾರೆ ಮತ್ತು ನಾಲ್ಕೇ ವಿಷಯ ಕಲಿಸುತ್ತಾರೆ: ಮಾತ್ರೆಗಳನ್ನು ಸ್ವತಃ ನಿಭಾಯಿಸುವುದು, ಕೈಯಲ್ಲೇ ಇಟ್ಟುಕೊಳ್ಳುವ ದಾಖಲೆ, ಮರುಭೇಟಿ, ಅಪಾಯದ ಗುರುತುಗಳು. 2006ರಲ್ಲಿ ಪ್ರಕಟವಾದ ಯಾದೃಚ್ಛಿಕ (ಚೀಟಿ ಎತ್ತಿದಂತೆ ಗುಂಪು ಮಾಡಿದ) ಪ್ರಯೋಗದಲ್ಲಿ 30 ದಿನಗಳೊಳಗೆ ಮತ್ತೆ ದಾಖಲಾದವರು ಶೇ 8.3, ಹೋಲಿಕೆಯ ಗುಂಪಿನಲ್ಲಿ ಶೇ 11.9. ಈ ಪ್ರಯೋಗದ ರೋಗಿಗಳು ಕ್ಯಾಮ್ಡನ್ನಿನ ರೋಗಿಗಳಷ್ಟು ಸಂಕಷ್ಟದಲ್ಲಿ ಇರಲಿಲ್ಲ ಎಂಬುದನ್ನು ಮರೆಯಬಾರದು. ಫಿಲಡೆಲ್ಫಿಯಾದ ಇಂಪ್ಯಾಕ್ಟ್ ಕಾರ್ಯಕ್ರಮ ಬಡ ಬಡಾವಣೆಗಳವರನ್ನೇ ಸಮುದಾಯ ಆರೋಗ್ಯ ಕಾರ್ಯಕರ್ತರಾಗಿ ಸಂಬಳಕ್ಕೆ ನೇಮಿಸಿ, ಅವರ ಆಯ್ಕೆ, ಮೇಲ್ವಿಚಾರಣೆ, ರೋಗಿಗಳ ಸಂಖ್ಯೆಗೆ ಕಟ್ಟುನಿಟ್ಟಾದ ನಿಯಮ ಇಟ್ಟಿತು. ಹೂಡಿದ ಪ್ರತಿ ಡಾಲರಿಗೆ ವಿಮೆಯ ಕಡೆಯಿಂದ 2.47 ಡಾಲರ್ ಉಳಿತಾಯವಾಯಿತು ಎಂದು 2020ರ ವಿಶ್ಲೇಷಣೆ ತೋರಿಸಿತು. ಬ್ರೆಜಿಲ್ 1994ರಿಂದ ಕಟ್ಟಿದ ಕುಟುಂಬ ಆರೋಗ್ಯ ವ್ಯವಸ್ಥೆಯಲ್ಲಿ ವೈದ್ಯರು, ನರ್ಸ್ ಮತ್ತು ಸಂಬಳ ಪಡೆಯುವ ಸಮುದಾಯ ಕಾರ್ಯಕರ್ತರು ಒಂದೇ ತಂಡ. ಅದು ಹರಡಿದ ಕಡೆ, ಪ್ರಾಥಮಿಕ ಹಂತದಲ್ಲೇ ತಡೆಯಬಹುದಾದ ಕಾಯಿಲೆಗಳ ದಾಖಲಾತಿ ಇಳಿದದ್ದನ್ನು ಹಲವು ಅಧ್ಯಯನಗಳು ಗುರುತಿಸಿವೆ.

ಹೊರದೇಶದ ಮಾತು ಸಾಕು. ನಮ್ಮ ಜನರ ಮೇಲೆ ನಡೆದ ಪ್ರಯೋಗಗಳು ಏನು ಹೇಳುತ್ತವೆ?

ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯ ಮುಂದಾಳತ್ವದಲ್ಲಿ ದೇಶದ 14 ಆಸ್ಪತ್ರೆಗಳ 806 ಹೃದಯಾಘಾತದ ರೋಗಿಗಳ ಮೇಲೆ ನಡೆದ ಸ್ಪ್ರೆಡ್ ಪ್ರಯೋಗದಲ್ಲಿ, ಸಮುದಾಯ ಆರೋಗ್ಯ ಕಾರ್ಯಕರ್ತರ ಭೇಟಿ ದೊರೆತವರು ಒಂದು ವರ್ಷದ ನಂತರವೂ ಮಾತ್ರೆಗಳನ್ನು ಹೆಚ್ಚು ಕ್ರಮವಾಗಿ ತೆಗೆದುಕೊಳ್ಳುತ್ತಿದ್ದರು. ನೆರೆಯ ಬಾಂಗ್ಲಾದೇಶ, ಪಾಕಿಸ್ತಾನ, ಶ್ರೀಲಂಕಾಗಳ 30 ಗ್ರಾಮೀಣ ಸಮುದಾಯಗಳಲ್ಲಿ ನಡೆದ ಕೋಬ್ರಾ-ಬಿಪಿಎಸ್ ಪ್ರಯೋಗದಲ್ಲಿ, ಈಗಾಗಲೇ ಕೆಲಸದಲ್ಲಿದ್ದ ಆರೋಗ್ಯ ಕಾರ್ಯಕರ್ತರು ಮನೆಗೆ ಹೋಗಿ ಬಿಪಿ ಅಳೆದು, ತರಬೇತಾದ ವೈದ್ಯರಿಗೆ ಜೋಡಿಸಿದ್ದರಿಂದ ಮೇಲಿನ ಬಿಪಿ ಹೋಲಿಕೆಯ ಗುಂಪಿಗಿಂತ ಸರಾಸರಿ 5.2 ಮಿ.ಮೀ. ಹೆಚ್ಚು ಇಳಿಯಿತು.

ಫಲ ಕೊಡದ ಪ್ರಯೋಗವನ್ನೂ ಹೇಳಬೇಕು. ಲಕ್ವ ಹೊಡೆದವರಿಗೆ ಮನೆಯವರಿಂದಲೇ ವ್ಯಾಯಾಮ ಮಾಡಿಸುವ ತರಬೇತಿ ಕೊಟ್ಟ ಅಟೆಂಡ್ ಪ್ರಯೋಗ ಭಾರತದ 14 ಆಸ್ಪತ್ರೆಗಳ 1250 ರೋಗಿಗಳಲ್ಲಿ ನಡೆದು 2017ರಲ್ಲಿ ಪ್ರಕಟವಾಯಿತು; ಆರು ತಿಂಗಳ ನಂತರ ಸಾವು ಅಥವಾ ಪರಾವಲಂಬನೆ ಎರಡೂ ಗುಂಪುಗಳಲ್ಲಿ ಶೇ 47. ಕುಟುಂಬವೇ ಎಲ್ಲವನ್ನೂ ಹೊತ್ತರೆ ಖರ್ಚು ಉಳಿಯುತ್ತದೆ ಎಂಬ ಲೆಕ್ಕ ಹಾಕುವವರು ಇದನ್ನು ಓದಬೇಕು.

ಎಲ್ಲಕ್ಕಿಂತ ನಮಗೆ ಹತ್ತಿರದ್ದು ಮಂಗಳೂರಿನ ಡಾ. ಅನುರಾಗ್ ಭಾರ್ಗವ ಮತ್ತು ಸಂಗಡಿಗರು ಜಾರ್ಖಂಡಿನಲ್ಲಿ ನಡೆಸಿ 2023ರಲ್ಲಿ ಪ್ರಕಟಿಸಿದ ರೇಷನ್ಸ್ ಪ್ರಯೋಗ. ಕ್ಷಯ ರೋಗಿಗಳಿಗೆ ತಿಂಗಳಿಗೆ 10 ಕಿಲೋ ಆಹಾರದ ಬುಟ್ಟಿ, ಮನೆಯ ಇತರರಿಗೆ ತಲಾ 5 ಕಿಲೋ ಅಕ್ಕಿ ಮತ್ತು ಒಂದೂವರೆ ಕಿಲೋ ಬೇಳೆ ಕೊಟ್ಟಾಗ, ಆ ಮನೆಯವರಲ್ಲಿ ಹೊಸದಾಗಿ ಕ್ಷಯ ಬರುವುದು ಶೇ 39ರಷ್ಟು ಕಡಿಮೆಯಾಯಿತು. ಕ್ಷಯ ರೋಗಿಗಳ ಆಹಾರಕ್ಕೆಂದು ಸರ್ಕಾರ ಕೊಡುವ ನಿಕ್ಷಯ್ ಪೋಷಣ್ ಹಣವನ್ನು 2024ರ ನವೆಂಬರಿನಿಂದ ತಿಂಗಳಿಗೆ 500ರಿಂದ 1000 ರೂಪಾಯಿಗೆ ಏರಿಸಲಾಗಿದೆ. ಅದು ಹೊತ್ತಿಗೆ ಖಾತೆಗೆ ಬೀಳುವಂತೆ ನೋಡುವುದೂ ಸಮನ್ವಯದ ಕೆಲಸವೇ, ಬ್ಯಾಂಕಿನ ಕೆವೈಸಿ ಸರಿಪಡಿಸಲು ಜೊತೆಗೆ ಹೋಗುವುದೂ ಸೇರಿದಂತೆ.

ದಾಖಲಾತಿ ಇಳಿದರೆ ಯಶಸ್ಸು ಎಂದು ವರದಿ ಬರೆಯಬಹುದೇ?

ನಮ್ಮ ಮೂರು ಜಿಲ್ಲೆಗಳಲ್ಲಿ ಈ ಒಂದೇ ಅಳತೆ ಅಪಾಯಕಾರಿ. ಅಮೆರಿಕದಲ್ಲಿ 2012ರ ಅಕ್ಟೋಬರಿನಿಂದ, ರೋಗಿಗಳು 30 ದಿನಗಳೊಳಗೆ ಹೆಚ್ಚಾಗಿ ಮರಳಿ ಬರುವ ಆಸ್ಪತ್ರೆಗಳಿಗೆ ಸರ್ಕಾರದ ಪಾವತಿಯಲ್ಲಿ ದಂಡ ಹಾಕುವ ಪದ್ಧತಿ ಇದೆ. ಬಡವರನ್ನು ಹೆಚ್ಚಾಗಿ ನೋಡುವ ಆಸ್ಪತ್ರೆಗಳೇ ಅದರಿಂದ ಹೆಚ್ಚು ಪೆಟ್ಟು ತಿಂದವು ಎಂಬ ಟೀಕೆ ಬಂದು, 2019ರಿಂದ ಬಡ ರೋಗಿಗಳ ಪ್ರಮಾಣಕ್ಕೆ ತಕ್ಕಂತೆ ಗುಂಪು ಮಾಡಿ ಹೋಲಿಸಲಾಗುತ್ತಿದೆ. ಅಲ್ಲಿನ ತೊಂದರೆ ಅನಗತ್ಯ ದಾಖಲಾತಿ. ಇಲ್ಲಿ ಅದರ ಜೊತೆಗೆ, ದಾಖಲಾಗಬೇಕಾದವರು ಮನೆಯಲ್ಲೇ ಉಳಿದುಬಿಡುವ ತೊಂದರೆಯೂ ಇದೆ. ಆರೈಕೆ ಚೆನ್ನಾದರೆ ಇಂಥವರು ಬೆಳಕಿಗೆ ಬಂದು ಮೊದಲ ತಿಂಗಳುಗಳಲ್ಲಿ ದಾಖಲಾತಿ ಏರಬಹುದು, ಏರಬೇಕು ಕೂಡ. ತಮಿಳುನಾಡು 2022ರಲ್ಲಿ ಆರಂಭಿಸಿದ ಕ್ಷಯ ಸಾವು ತಡೆಯುವ ಕಾರ್ಯಕ್ರಮ ಇದಕ್ಕೆ ಒಳ್ಳೆಯ ಉದಾಹರಣೆ. ರೋಗ ಪತ್ತೆಯಾದಾಗಲೇ ತೂಕ-ಎತ್ತರದ ಅನುಪಾತ, ಕಾಲಿನ ಊತ, ಉಸಿರಿನ ವೇಗ, ಆಮ್ಲಜನಕದ ಮಟ್ಟ, ಆಸರೆಯಿಲ್ಲದೆ ನಿಲ್ಲಬಲ್ಲರೇ ಎಂಬುದನ್ನು ನೋಡಿ, ತೀವ್ರವಾಗಿ ಬಳಲಿದವರನ್ನು ಅಲ್ಲಿ ಹುಡುಕಿ ಹುಡುಕಿ ದಾಖಲಿಸುತ್ತಾರೆ.

ಆದ್ದರಿಂದ ವರದಿಯಲ್ಲಿ 30 ದಿನದೊಳಗಿನ ಮರುದಾಖಲಾತಿಯ ಪಕ್ಕದಲ್ಲೇ ಸಾವಿನ ಸಂಖ್ಯೆಯೂ ಇರಬೇಕು. ಸತ್ತವರು ಮತ್ತೆ ದಾಖಲಾಗುವುದಿಲ್ಲ. ಸಾವನ್ನು ಬಿಟ್ಟು ಲೆಕ್ಕ ಬರೆದರೆ ಕೆಟ್ಟ ಆರೈಕೆಯೇ ಒಳ್ಳೆಯ ಅಂಕಿ ಕೊಡುತ್ತದೆ. ಖಾಸಗಿ ಮತ್ತು ಹೊರರಾಜ್ಯದ ಆಸ್ಪತ್ರೆಗಳಲ್ಲಿ ದಾಖಲಾದವರನ್ನು ಮನೆಯಲ್ಲೇ ಕೇಳಿ ಸೇರಿಸಬೇಕು. ಹೋಲಿಕೆಗೆ, ಎಲ್ಲ ಪಿಎಚ್‌ಸಿಗಳಲ್ಲಿ ಒಂದೇ ದಿನ ಆರಂಭಿಸದೆ, ಚೀಟಿ ಎತ್ತಿ ಮೊದಲ ಸುತ್ತಿಗೆ ಕೆಲವು, ಆರು ತಿಂಗಳ ನಂತರ ಉಳಿದವು ಎಂದು ಹಂಚಿಕೊಂಡರೆ ಹೆಚ್ಚು ಖರ್ಚಿಲ್ಲದೆ ಒಂದು ಹೋಲಿಕೆಯ ಗುಂಪು ಸಿಗುತ್ತದೆ. ಯಾರಿಗೂ ಸೇವೆ ತಪ್ಪಿದಂತೆಯೂ ಆಗುವುದಿಲ್ಲ.

ನಮ್ಮ ತಾಲ್ಲೂಕಿನಲ್ಲಿ ಆರಂಭಿಸಬೇಕೆಂದರೆ ಎಲ್ಲಿಂದ ಶುರು ಮಾಡುವುದು? ಹೊಸ ಹುದ್ದೆ ಕೇಳಬೇಕೇ?

ಮೊದಲ ಹಂತಕ್ಕೆ ಹೊಸ ಹುದ್ದೆ ಬೇಡ. ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್, ಜನ ಇನ್ನೂ ವಿಮ್ಸ್ ಎಂದೇ ಕರೆಯುವ ಬಳ್ಳಾರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆ ಇವುಗಳಲ್ಲಿ ಯಾವುದಕ್ಕೆ ನಿಮ್ಮ ತಾಲ್ಲೂಕಿನವರು ಹೋಗುತ್ತಾರೋ ಅಲ್ಲಿಂದ ಪ್ರತಿದಿನ ಬಿಡುಗಡೆಯಾದ ಹೃದಯ, ಲಕ್ವ, ಸಕ್ಕರೆ, ದಮ್ಮು, ಕ್ಷಯ ರೋಗಿಗಳ ಹೆಸರು, ಊರು, ಫೋನ್ ಸಂಖ್ಯೆ ಸಂಜೆಯೊಳಗೆ ತಾಲ್ಲೂಕು ಆರೋಗ್ಯಾಧಿಕಾರಿಗೆ, ಅಲ್ಲಿಂದ ಆಯಾ ಉಪಕೇಂದ್ರಕ್ಕೆ ತಲುಪುವ ಏರ್ಪಾಟು ಮಾಡಿ. ರೋಗಿಯ ಒಪ್ಪಿಗೆಯನ್ನು ಡಿಸ್ಚಾರ್ಜ್ ವೇಳೆಗೇ ಪಡೆಯಬೇಕು, ಮತ್ತು ಈ ಪಟ್ಟಿ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡಬಾರದು. ಎಚ್‌ಐವಿ, ಕ್ಷಯ ಇರುವವರ ಹೆಸರು ಊರೆಲ್ಲ ಹರಡಿದರೆ ಮುಂದೆ ಯಾರೂ ನಿಜವಾದ ಫೋನ್ ಸಂಖ್ಯೆ ಕೊಡುವುದಿಲ್ಲ. ಮನೆ ಬಾಗಿಲಲ್ಲೇ ಬಿಪಿ, ಸಕ್ಕರೆ ತಪಾಸಿಸುವ ರಾಜ್ಯದ ಗೃಹ ಆರೋಗ್ಯ ಯೋಜನೆ 2024ರಲ್ಲಿ ಕೋಲಾರದಲ್ಲಿ ಪ್ರಾಯೋಗಿಕವಾಗಿ ಆರಂಭವಾದದ್ದು. ಡಿಸ್ಚಾರ್ಜ್ ಪಟ್ಟಿಯನ್ನು ಅದೇ ತಂಡದ ತಿರುಗಾಟಕ್ಕೆ ಸೇರಿಸಬಹುದು.

ಎಲ್ಲರಿಗೂ ಮನೆ ಭೇಟಿ ಸಾಧ್ಯವಾಗದಿದ್ದರೆ, ಒಂದು ವರ್ಷದಲ್ಲಿ ಎರಡನೆಯ ಸಲ ದಾಖಲಾದವರು, ಒಂಟಿಯಾಗಿರುವ ಮುದುಕರು, ಐದಕ್ಕಿಂತ ಹೆಚ್ಚು ಬಗೆಯ ಮಾತ್ರೆ ನುಂಗುವವರು ಮೊದಲು. ಉಳಿದವರಿಗೆ ಮೂರನೆಯ ದಿನ ಒಂದು ಫೋನ್ ಕರೆ. ಇದರ ಜೊತೆಗೆ ತಾಲ್ಲೂಕಿನ ಪ್ರತಿ ಉಪಕೇಂದ್ರದಲ್ಲಿ ಬಿಪಿಯ ಆಮ್ಲೋಡಿಪಿನ್, ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್, ನೀರು ಇಳಿಸುವ ಫ್ಯೂರೊಸಮೈಡ್ ಮತ್ತು ದಮ್ಮಿನ ಸಾಲ್ಬುಟಮಾಲ್ ಪಂಪು ಕಳೆದ ಮೂರು ತಿಂಗಳಲ್ಲಿ ಎಷ್ಟು ದಿನ ಖಾಲಿ ಇತ್ತು ಎಂಬುದನ್ನು ದಾಸ್ತಾನು ಪುಸ್ತಕ ನೋಡಿ ಬರೆದುಕೊಳ್ಳಿ. ಯಾವುದಾದರೂ ಕೇಂದ್ರದಲ್ಲಿ ಅದು ವಾರಗಟ್ಟಲೆ ಖಾಲಿ ಇದ್ದದ್ದು ಕಂಡರೆ, ಆ ಕೇಂದ್ರದ ವ್ಯಾಪ್ತಿಯಲ್ಲಿ ಮನೆ ಭೇಟಿ ಆರಂಭಿಸುವುದನ್ನು ಮುಂದೂಡಿ ಔಷಧದ ಇಂಡೆಂಟನ್ನು (ಬೇಡಿಕೆ ಪಟ್ಟಿಯನ್ನು) ಮೊದಲು ಸರಿಪಡಿಸಬೇಕು.